ಅಗೆದರೂ ಸಿಗದ ಆಟಗಳು

ತೀರ್ಥಹಳ್ಳಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳದಿ ವಿಡಿಯೋ ಗೇಮ್ ಕ್ಯಾಸೆಟ್ ಇದೆ. ಹೋದ ಬೇಸಿಗೆಯಲ್ಲಿ ಅದನ್ನು ಕೆಳಗಿಳಿಸಿ, ಹಳೆಯ ಅಭ್ಯಾಸದಂತೆ ಉಫ್ ಎಂದು ಊದಿ, ಡಬ್ಬಿಗೆ ಸಿಕ್ಕಿಸಿ ಟಿವಿ ಹಾಕಿದೆ. ಆಟ ಶುರುವಾಯಿತು! ಅದನ್ನು ಮಾಡಿದ ಕಂಪನಿ ಇನ್ನೂ ಇದೆಯೋ ಮುಚ್ಚಿದೆಯೋ ಎಂಬುದು ಆ ಕ್ಯಾಸೆಟ್ಟಿಗೆ ಬೇಕಾಗಿಯೇ ಇರಲಿಲ್ಲ. ಕ್ಲೌಡ್ ಗೇಮಿಂಗ್‌ನ ಚರಿತ್ರೆಯನ್ನು ಹುಡುಕಿ ಓದತೊಡಗಿದ್ದು ಆಮೇಲೆ.

ಅದರಲ್ಲಿ ಆಟ ನಮ್ಮ ಮನೆಯಲ್ಲಿ ಇರುವುದೇ ಇಲ್ಲ. ದೂರದ ಡೇಟಾ ಸೆಂಟರಿನ ಯಂತ್ರದಲ್ಲಿ ಓಡುತ್ತದೆ. ನಾವು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗಿ, ಅದರ ಫಲ ವಿಡಿಯೋ ಆಗಿ ಮರಳುತ್ತದೆ. ಸೆಕೆಂಡಿಗೆ 60 ಚಿತ್ರಗಳ ಆಟದಲ್ಲಿ ಒಂದು ಚಿತ್ರದ ಆಯುಷ್ಯ ಸುಮಾರು 17 ಮಿಲಿಸೆಕೆಂಡ್. ಈ ಹೋಗಿಬರುವಿಕೆ ಹತ್ತು ಚಿತ್ರಗಳಷ್ಟು ತಡವಾದರೆ, ನಾವು ಗುಂಡಿ ಒತ್ತುವಷ್ಟರಲ್ಲಿ ನಮ್ಮ ನಾಯಕ ಗುಂಡಿಗೆ ಬಿದ್ದಿರುತ್ತಾನೆ. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಶುರುವಾದ ಆನ್‌ಲೈವ್ ಈ ಸಾಹಸಕ್ಕೆ ಮೊದಲು ಇಳಿದವರಲ್ಲಿ ಒಂದು. 2015ರ ಏಪ್ರಿಲ್ 30ಕ್ಕೆ ಅದು ಮುಚ್ಚಿತು. ಪೇಟೆಂಟುಗಳು ಸೋನಿಯ ಪಾಲಾದವು.

ಆದರೂ ಇದರ ಲಾಭ ಸಣ್ಣದಲ್ಲ. 2020ರ ಡಿಸೆಂಬರ್‌ನಲ್ಲಿ 'ಸೈಬರ್‌ಪಂಕ್ 2077' ಬಂದಾಗ ಹಳೆಯ ಕನ್ಸೋಲ್‌ಗಳಲ್ಲಿ ಅದು ಎಷ್ಟು ಮುಗ್ಗರಿಸಿತೆಂದರೆ, ಸೋನಿ ತನ್ನ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು. ನ್ಯೂಜೆರ್ಸಿಯಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ ಮಾತ್ರ ಗೂಗಲ್‌ನ ಸ್ಟೇಡಿಯಾದಲ್ಲಿ, ತನ್ನ ಸವೆದ ಲ್ಯಾಪ್‌ಟಾಪಿನಲ್ಲಿ ಅದನ್ನು ನಿರಾಳವಾಗಿ ಆಡಿದ. ಹೊಸ ಕನ್ಸೋಲ್ ಕೊಳ್ಳಲು ಅವನ ಬಳಿ ದುಡ್ಡೆಲ್ಲಿತ್ತು?

ಅದೇ ಸ್ಟೇಡಿಯಾವನ್ನು 2019ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಘೋಷಿಸುವ ಹೊತ್ತಿಗೆ ಗೂಗಲ್ ಒಂದು ಚಿಕ್ಕ ಪ್ರದರ್ಶನ ಇಟ್ಟಿತ್ತು. ಪೀಠಗಳ ಮೇಲೆ ಸೆಗಾದ ಡ್ರೀಮ್‌ಕಾಸ್ಟ್, ನಿಂಟೆಂಡೋದ ಪವರ್ ಗ್ಲೋವ್, ಅಟಾರಿಯ 'ಇ.ಟಿ.' ಆಟ. ಕೊನೆಯ ಪೀಠ ಖಾಲಿ. ಮೂರೂ ಹೆಸರಾಂತ ಸೋಲುಗಳು. ಇದನ್ನು ಜೋಡಿಸಿದವರಿಗೆ ಹೊಳೆಯಲಿಲ್ಲವೇ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ.

'ಇ.ಟಿ.'ಯ ಕಥೆ ಗೊತ್ತಲ್ಲ? ಐದಾರು ವಾರಗಳಲ್ಲಿ ಅವಸರವಸರವಾಗಿ ಮಾಡಿ 1982ರ ಕ್ರಿಸ್‌ಮಸ್ಸಿಗೆ ಮಾರಿದ ಆಟ. ಉಳಿದುಹೋದ ಸರಕನ್ನು ಅಟಾರಿ 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗಾರ್ಡೋ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. 2014ರಲ್ಲಿ ಅದನ್ನು ಅಗೆದರು. ಸುಮಾರು 1,300 ಕ್ಯಾಸೆಟ್‌ಗಳು ಮೇಲೆ ಬಂದವು, ಒಂದು 'ಇ.ಟಿ.' ಸ್ಮಿತ್ಸೋನಿಯನ್ ಸಂಗ್ರಹಾಲಯವನ್ನೂ ಸೇರಿತು.

ಸ್ಟೇಡಿಯಾ 2023ರ ಜನವರಿ 18ರಂದು ನಿಂತಿತು. ಗೂಗಲ್ ತಾನು ಮಾರಿದ ಆಟಗಳ, ಉಪಕರಣಗಳ ದುಡ್ಡನ್ನು ಹಿಂದಿರುಗಿಸಿತು. ಅದು ಮರ್ಯಾದೆಯ ಕೆಲಸವೇ. ಆದರೆ 'ಔಟ್‌ಕಾಸ್ಟರ್ಸ್'ನಂತೆ ಸ್ಟೇಡಿಯಾಕ್ಕೆಂದೇ ಮಾಡಿದ ಆಟ ಆವತ್ತು ಆಡುವವರಿಗೆ ಇಲ್ಲವಾಯಿತು. ಅದರ ಪ್ರತಿ ಯಾರ ಅಟ್ಟದಲ್ಲೂ ಇಲ್ಲ, ಕಸದ ಗುಂಡಿಯಲ್ಲೂ ಇಲ್ಲ. ನಾಳೆ ಈ ಕಾಲದ ಆಟಗಳ ಚರಿತ್ರೆ ಬರೆಯುವವರು ಏನನ್ನು ಅಗೆಯಬೇಕು?

ಮುಚ್ಚುವ ಐದು ದಿನ ಮೊದಲು ಸ್ಟೇಡಿಯಾದ ತಂಡ ಕೊನೆಯದಾಗಿ ಒಂದು ಪುಟ್ಟ ಆಟವನ್ನು ಎಲ್ಲರಿಗೂ ಬಿಟ್ಟಿತು. ಹೆಸರು 'ವರ್ಮ್ ಗೇಮ್', ನಮ್ಮ ಹಳೆಯ ನೋಕಿಯಾ ಫೋನಿನ ಹಾವಿನಾಟದಂಥದ್ದೇ. ಸ್ಟೇಡಿಯಾ ಹೊರಬರುವ ಮುಂಚಿನಿಂದಲೂ ತಾವು ಪರೀಕ್ಷೆಗಾಗಿ ಬಳಸುತ್ತಿದ್ದ ಆಟವಂತೆ. ನಾನು ಅದನ್ನು ನೋಡಿದ್ದು ಯಾರೋ ಆಡುತ್ತ ಚಿತ್ರೀಕರಿಸಿದ ಯೂಟ್ಯೂಬ್ ವಿಡಿಯೋದಲ್ಲಿ. ಹಾವು ಗೋಡೆಗೆ ಬಡಿಯುವ ಮುಂಚೆ ನನ್ನ ಬೆರಳು ತಾನಾಗಿ ಅಲುಗಿತು.