ಕಪಾಟುಮಂಚ

ಹಗಲಿನಲ್ಲಿ ಮೇಜಾಗಿಯೋ ಕಪಾಟಾಗಿಯೋ ಇದ್ದು ಇರುಳಾದೊಡನೆ ಶಯ್ಯೆಯಾಗಿ, ಒಂದೇ ಕೋಣೆಯಲ್ಲಿ ಬಾಳುವೆ ನಡೆಸುವ ಸಂಸಾರಕ್ಕೆ ಓಡಾಡಲು ನೆಲವನ್ನುಳಿಸಿಕೊಡುವ ಮಡಿಸುಮಂಚ. ಅಮೆರಿಕದ ಷಿಕಾಗೋ ನಗರದಲ್ಲಿ ಪೀಠೋಪಕರಣಗಳ ಅಂಗಡಿಯನ್ನಿಟ್ಟಿದ್ದ ಸಾರಾ ಗೂಡ್ ಎಂಬಾಕೆ 1885ರ ಜುಲೈ 14ರಂದು ಇಂತಹುದೊಂದಕ್ಕೆ ಪೇಟೆಂಟು ಪಡೆದಳು. ಆ ದೇಶದಲ್ಲಿ ಪೇಟೆಂಟು ಪಡೆದ ಕಪ್ಪು ಜನಾಂಗದ ಸ್ತ್ರೀಯರಲ್ಲಿ ಈಕೆ ಮೊದಲಿಗರ ಸಾಲಿನವಳೆಂಬುದು ಸ್ಮರಣೀಯ. ಮಡಿಸಿದಾಗ ಅದು ಕಾಗದಪತ್ರಗಳ ಗೂಡುಗಳುಳ್ಳ ಬರೆಯುವ ಮೇಜು. ರಚನೆಯ ನಿಜವಾದ ಚಾತುರ್ಯವಿರುವುದು ಭಾರದ ಸಮತೋಲನದಲ್ಲಿ: ಕೀಲುಗಳ ಮೇಲೆ ತಿರುಗುವ ಭಾಗಗಳ ತೂಕವನ್ನು ಸರಿದೂಗಿಸಿದುದರಿಂದ ಎತ್ತುವುದೂ ಇಳಿಸುವುದೂ ಸುಲಭಸಾಧ್ಯವಾಯಿತಲ್ಲದೆ, ಬಿಚ್ಚಿದೊಡನೆ ಹಾಸಿಗೆಯ ನಡುವಿಗೆ ಆಧಾರವೊಂದು ತಾನಾಗಿಯೇ ಬಂದು ನಿಲ್ಲುತ್ತಿತ್ತು. ತರುವಾಯ ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ಮರ್ಫಿ ಎಂಬಾತನು ಮಂಚವನ್ನು ನೆಟ್ಟಗೆ ನಿಲ್ಲಿಸಿ ಗೋಡೆಯ ಗೂಡಿನೊಳಗೆ ಅಡಗಿಸುವ ಕ್ರಮವನ್ನು ಪ್ರಚುರಗೊಳಿಸಿದನು.