ಎತ್ತಿನ ಬಾಯಾಗಿನ ಲೆಕ್ಕ: ಹಲ್ಲು ನೋಡೂ ವಿದ್ಯಾ ಎಷ್ಟು ಹಳೇದು, ಎಲ್ಲಿ ತಪ್ಪತೈತಿ



ಹೋದ ಸಲ ತೊಗರಿ ನೆಟೆ ರೋಗದ ಬಗ್ಗೆ ಬರದಿದ್ದೆ. ಈ ಸಲ ದನದ ಹಲ್ಲಿನ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಇದೇ ಹಲ್ಲಿನ ಸಲುವಾಗಿ ನಾನು 2020ರ ಸಂಕ್ರಮಣದ ಜಾತ್ರಿಯೊಳಗ ಒಬ್ಬ ಒಳ್ಳೇ ಮನಷ್ಯಾಗ ಬಾಯಿಗೆ ಬಂದಂಗ ಬೈದು ಬಂದೀನಿ. ತಪ್ಪು ನಂದಿತ್ತು. ಅದನ್ನ ಕಡೀಕ ಹೇಳ್ತೀನಿ. ಮೊದಲು ಹಲ್ಲಿನ ಕಥಿ ಕೇಳ್ರಿ.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಎತ್ತು ಕೊಳ್ಳಾವ ಮೊದಲು ಸುಳಿ ನೋಡ್ತಾನ, ಆಮ್ಯಾಲ ನಡಿಗಿ, ಆಮ್ಯಾಲ ಬಾಯಿ. ಎಡಗೈಲೆ ಮೂಗುದಾಣ ಹಿಡದು, ಬಲಗೈಲೆ ಕೆಳತುಟಿ ಜಗ್ಗಿ ಒಂದು ಕ್ಷಣ ನೋಡಿದರ ಸಾಕು. ಹಾಲಹಲ್ಲು, ಎರಡ್ಹಲ್ಲು, ನಾಕ್ಹಲ್ಲು, ಆರ್ಹಲ್ಲು, ಬಾಯಿಗೂಡಿದ್ದು. ಟವೆಲ್ಲಿನ ಕೆಳಗ ಬೆರಳು ಹಿಡದು ಮಾಡೂ ವ್ಯಾಪಾರ ಎಲ್ಲಾ ಈ ಐದು ಮಾತಿನ ಮ್ಯಾಲ ನಿಂತೈತಿ.

ದನಕ್ಕ ಮ್ಯಾಲಿನ ದವಡಿಯೊಳಗ ಮುಂದಿನ ಹಲ್ಲು ಇರೂದಿಲ್ಲ, ಗಟ್ಟಿ ವಸಡು ಅಷ್ಟೇ. ಕೆಳಗ ಮುಂದ ಎಂಟು ಹಲ್ಲು. ಹಿಂದಿನ ದವಡಿ ಹಲ್ಲು ಮ್ಯಾಲ 12, ಕೆಳಗ 12. ಎಲ್ಲಾ ಕೂಡಿ 32. ಮುಂದಿನ ಎಂಟು ಹಾಲಹಲ್ಲು ನಡುವಿನ ಜೋಡಿಯಿಂದ ಸುರು ಆಗಿ ಒಂದೊಂದು ಜೋಡಿ ಉದುರಿ ದೊಡ್ಡ ಹಲ್ಲು ಬರ್ತಾವ. ನಮ್ಮ ಖಿಲಾರಿ ದನಕ್ಕ ಎರಡು, ಎರಡೂವರಿ ವರ್ಷಕ್ಕ ಮೊದಲನೇ ಜೋಡಿ, ಮೂರರ ಸುಮಾರು ಎರಡನೇದು, ಮೂರೂವರಿಯಿಂದ ನಾಕಕ್ಕ ಮೂರನೇದು, ನಾಕೂವರಿ ಐದಕ್ಕ ಬಾಯಿ ಕೂಡತೈತಿ. ಮೇವು, ತಳಿ ನೋಡಿ ಆರು ತಿಂಗಳು ಹಿಂದ ಮುಂದ ಆಗಬಹುದು. ಬಾಯಿ ಕೂಡಿದ ಮ್ಯಾಲ ಹೊಸಾ ಹಲ್ಲು ಬರೂದಿಲ್ಲ. ಅಲ್ಲಿಂದ ಮುಂದ ವಯಸ್ಸಂದ್ರ ಹಲ್ಲಿನ ಸವಕಳಿ ನೋಡಿ ಹೇಳೂ ಅಂದಾಜು. ಈ ಮಾತು ನೆನಪಿನಾಗ ಇಟ್ಗೋರಿ, ನನ್ನ ಕಥಿ ಇಲ್ಲೇ ಐತಿ.

ಈ ಲೆಕ್ಕ ಎಷ್ಟು ಹಳೇದು?

ನಾವು "ಎರಡ್ಹಲ್ಲು" ಅಂತೀವಲ್ಲ, ಈ ಪದ್ಧತಿ ಪಾಣಿನಿಯ ಸಂಸ್ಕೃತ ವ್ಯಾಕರಣದಾಗೂ ಐತಿ. ಎರಡು ಸಾವಿರ ವರ್ಷಕ್ಕೂ ಹಳೇ ಪುಸ್ತಕ ಅದು. ಹಲ್ಲಿನ ಸಂಖ್ಯೆ ಹೇಳಿ ವಯಸ್ಸು ತಿಳಿಸುವಾಗ ಶಬ್ದ ಹೆಂಗ ಬದಲಾಗಬೇಕು ಅನ್ನೂದಕ್ಕ ಒಂದು ಪ್ರತ್ಯೇಕ ಸೂತ್ರನ ಅದರಾಗ ಐತಿ. ದ್ವಿದನ್ ಅಂದ್ರ ಎರಡು ಹಲ್ಲಿಂದು, ಚತುರ್ದನ್ ಅಂದ್ರ ನಾಕು ಹಲ್ಲಿಂದು, ಷೋಡನ್ ಅಂದ್ರ ಆರು ಹಲ್ಲಿಂದು. ವ್ಯಾಕರಣದವರಿಗೆ ಸೂತ್ರ ಬರಿಯೂ ಹೊತ್ತು ಬಂತು ಅಂದ್ರ, ಅವತ್ತಿನ ದನದ ಸಂತಿಯೊಳಗ ಆ ಮಾತು ಎಷ್ಟು ಓಡ್ಯಾಡ್ತಿರಬೇಕು ನೋಡ್ರಿ.

ಗ್ರೀಸ್ ದೇಶದಾಗ ಕ್ಸೆನೊಫೋನ್ ಅನ್ನೂ ದಂಡನಾಯಕ ಸುಮಾರು 2,400 ವರ್ಷದ ಹಿಂದ ಕುದುರಿ ಕೊಳ್ಳೂದರ ಬಗ್ಗೆ ಒಂದು ಪುಸ್ತಕ ಬರದಾನ. ಹಾಲಹಲ್ಲು ಪೂರಾ ಹೋಗಿರೂ ಕುದುರಿ ನಂಬಿ ಕೊಳ್ಳಬ್ಯಾಡ ಅಂತ ಅದರಾಗ ಬುದ್ಧಿ ಹೇಳ್ಯಾನ. ನಮ್ಮ ಅಪ್ಪ ಹೇಳೂ ಮಾತೇ ಅದು.

ಇದೆಲ್ಲಾ ನೋಡೂ ವಿದ್ಯಾ ಆತು. ಹಲ್ಲಿಗೆ ಚಿಕಿತ್ಸಾ ಮಾಡೂದು ಎಲ್ಲಿ ಸುರು ಆತು? ಈಗಿನ ಮಟ್ಟಿಗೆ ಸಿಕ್ಕಿರೂ ಹಳೇ ಗುರ್ತು ಮಂಗೋಲಿಯಾದ ಕುದುರಿ ಕಾಯೂ ಮಂದೀದು. ಅಲ್ಲಿ ಸಮಾಧಿಯೊಳಗಿನ ಕುದುರಿ ತಲಿಬುರುಡಿ ಪರೀಕ್ಷಾ ಮಾಡಿ 2018ರಾಗ ವಿಜ್ಞಾನಿಗಳು ಬರದರು: ಸುಮಾರು 3,000 ವರ್ಷದ ಹಿಂದೇ ಸೊಟ್ಟ ಬಂದ ಹಲ್ಲನ್ನ ಕೊಯ್ದು ಸರಿ ಮಾಡೂ ಪ್ರಯತ್ನ ನಡದಿತ್ತು ಅಂತ. ಮುಂದ ಕಬ್ಬಿಣ, ಕಂಚಿನ ಕಡಿವಾಣ ಬಂದಾಗ ಅದು ಬಡಿಯೂ ಜಾಗಾದಾಗಿನ ಸಣ್ಣ ಹಲ್ಲು ಕೀಳಾಕ ಹತ್ತಿದರು. ಬಾಯಾಗ ಹೊಸಾ ಸಾಮಾನು ಬಂತು, ಅದರ ಹಿಂದ ಹೊಸಾ ವೈದ್ಯನೂ ಬಂತು.

ನಮ್ಮ ಕನ್ನಡದಾಗೇನು ಕಡಿಮಿ ಇಲ್ಲ. ಕಲ್ಯಾಣದ ಚಾಲುಕ್ಯರ ಮನಿತನದ ರಾಜಕುಮಾರ ಕೀರ್ತಿವರ್ಮ "ಗೋವೈದ್ಯ" ಅನ್ನೂ ಪುಸ್ತಕ ಬರದಾನ. ಆರನೇ ವಿಕ್ರಮಾದಿತ್ಯನ ತಮ್ಮ ಇವ. ಅರಮನಿಯಾಗ ಹುಟ್ಟಿದವ ದನದ ರೋಗದ ಬಗ್ಗೆ, ಅದೂ ಕನ್ನಡದಾಗ, ಸುಮಾರು 900 ವರ್ಷದ ಹಿಂದ ಬರದಾನ ಅಂದ್ರ ನಮ್ಮ ನಾಡು ದನಕ್ಕ ಎಷ್ಟು ಬೆಲಿ ಕೊಟ್ಟಿತ್ತು ಅನ್ನೂದು ತಿಳೀತೈತಿ. ಕಲ್ಯಾಣ ಅಂದ್ರ ಈಗಿನ ಬಸವಕಲ್ಯಾಣ, ನಮಗೇನು ದೂರ ಇಲ್ಲ.

ಹಲ್ಲಿನಾಗಿನ ಮೋಸ, ಹಲ್ಲಿನ ಸಾಮಾನು

ಎಲ್ಲಿ ಲೆಕ್ಕ ಐತಿ ಅಲ್ಲಿ ಕಳ್ಳಲೆಕ್ಕನೂ ಐತಿ. ಇಂಗ್ಲೆಂಡಿನಾಗ ಮುದಿ ಕುದುರಿ ಹಲ್ಲು ಕೊರದು, ಸುಟ್ಟು ಕರಿ ಗುರ್ತು ಮಾಡಿ ಹರೇದ ಕುದುರಿ ಅಂತ ಮಾರತಿದ್ದರು. ಅದಕ್ಕ "ಬಿಷಪಿಂಗ್" ಅಂತ ಹೆಸರೇ ಬಿತ್ತು. ನಮ್ಮ ಕಡೇನೂ ಹಾಲಹಲ್ಲು ಕಿತ್ತು "ಎರಡ್ಹಲ್ಲು ಆಗಾಕ ಬಂದೈತಿ" ಅಂತ ಹೋರಿ ದಾಟಿಸಿದವರ ಕಥಿ ನಮ್ಮ ಹಿರಿಯರು ಹೇಳತಿದ್ದರು.

ಪಶುವೈದ್ಯರನ್ನ ತಯಾರ ಮಾಡೂ ಸಾಲಿ ಜಗತ್ತಿನಾಗ ಮೊದಲು ಸುರು ಆಗಿದ್ದು ಫ್ರಾನ್ಸಿನ ಲಿಯೋನ್ ಊರಾಗ, ಬೂರ್ಜೆಲಾ ಅನ್ನವರಿಂದ. 1761ರಾಗ ಅಪ್ಪಣಿ ಸಿಕ್ತು. ಅವತ್ತು ದನಕ್ಕ ಬಂದ ದೊಡ್ಡ ಬ್ಯಾನಿ, ನಮ್ಮ ಹಿರಿಯರೂ ಕಂಡ ರಿಂಡರ್‌ಪೆಸ್ಟು, ಅದೂ ಒಂದು ಕಾರಣ. ನಮ್ಮ ಜಿಲ್ಲಾ ಆಗ ಮುಂಬಯಿ ಪ್ರಾಂತದಾಗಿತ್ತು. ಮುಂಬಯಿ ಪರೇಲದ ಪಶುವೈದ್ಯ ಕಾಲೇಜು ಸುರು ಆಗಿದ್ದು 1886ರಾಗ. ನಮ್ಮ ಕರ್ನಾಟಕದ ಹೆಬ್ಬಾಳ ಕಾಲೇಜು 1958ರಾಗ ಆತು, ಆಮ್ಯಾಲ ಬೀದರದ್ದೂ ಆತು.

ಪ್ರಾಣಿ ಹಲ್ಲಿಂದೇ ದೊಡ್ಡ ಪುಸ್ತಕ ಅಮೆರಿಕಾದ ಮೆರಿಲಾಟ್ ಅನ್ನೂ ಡಾಕ್ಟರು 1900ರ ಆಚೀಚಿನ ವರ್ಷದಾಗ ಬರದರು. ಆ ಹೊತ್ತಿನ ವಿದ್ಯಾ ಎಲ್ಲಾ ಹೆಚ್ಚಾಗಿ ಕುದುರಿ ಸಲುವಾಗಿ. ಯಾಕಂದ್ರ ದಂಡು, ಟ್ರಾಮು, ಗಾಡಿ ಎಲ್ಲಾ ಕುದುರಿ ಮ್ಯಾಲ ಇದ್ದವು. ಕುದುರಿ ದವಡಿ ಹಲ್ಲು ಸವದಂಗ ಮ್ಯಾಲ ಏರತಾವ, ಅಂಚಿಗೆ ಚೂಪು ಆಗಿ ಗಲ್ಲ ಕೊಯ್ತಾವ. ಅದಕ್ಕ ಉದ್ದ ಹಿಡಕಿ ಅರ ಹಾಕಿ ತಿಕ್ಕತಾರ. ಬಾಯಿ ತೆರದು ಹಿಡಿಯಾಕ ಕಬ್ಬಿಣದ ಹಲ್ಲಿನ ಚೌಕಟ್ಟು ಬಂತು. ದನಕ್ಕ ಡ್ರಿಂಕ್‌ವಾಟರ್ ಗ್ಯಾಗ್ ಅಂತ ಬೆಣಿ ಆಕಾರದ್ದು ಐತಿ, ದವಡಿ ಹಲ್ಲಿನ ನಡುವ ಸೇರಿಸಿದರ ಎತ್ತು ಬಾಯಿ ಮುಚ್ಚಾಕ ಬರೂದಿಲ್ಲ, ಡಾಕ್ಟರ ಕೈಯೂ ಉಳೀತೈತಿ. ನಮ್ಮ ಅಪ್ಪಗ ಈ ಸಾಮಾನು ಇರಲಿಲ್ಲ. ನಾಲಿಗಿ ಒಂದು ಕಡೆ ಜಗ್ಗಿ ಹಿಡದು ಲಾಟೀನ ಬೆಳಕಿನಾಗ ನೋಡತಿದ್ದ.

ಎಲ್ಲಾ ಹೊಸಾ ಸಾಮಾನೂ ಒಳ್ಳೇವೇ ಅನ್ನಬ್ಯಾಡ್ರಿ. 1980ರ ದಶಕದಾಗ ಆಸ್ಟ್ರೇಲಿಯಾದಾಗ ಕುರಿ ಮುಂದಿನ ಹಲ್ಲು ಗ್ರೈಂಡರ್ ಮಿಷಿನ್ನಿಂದ ತಿಕ್ಕಿ ಗಿಡ್ಡ ಮಾಡಿದರ ಹಲ್ಲು ಬಾಳಿಕಿ ಬರ್ತಾವ ಅಂತ ಹೊಂಟರು. ಆಮ್ಯಾಲ ಪರೀಕ್ಷಾ ಮಾಡಿ ನೋಡಿದರ ಉಣ್ಣಿ, ತೂಕ ಯಾವುದರಾಗೂ ಲಾಭ ಕಾಣಲಿಲ್ಲ. ಕುರಿಗೆ ತ್ರಾಸ ಆಗಿದ್ದಷ್ಟೇ ಬಂತು.

ನಾವೂ ಹಂಗೇ ಮಾಡೀವಿ. ಮೇವು ಬಿಟ್ಟ ಎತ್ತಿನ ಗಲ್ಲದ ಒಳಗ ಮುಳ್ಳಿನಂಗ ಇರ್ತಾವಲ್ಲ, ಅವನ್ನ "ಬಾಯಿ ಮುಳ್ಳು" ಅಂತ ಕೊಯ್ಯೂದು, ಉಪ್ಪು ಅರಿಷಿಣ ಹಾಕಿ ರಕ್ತ ಬರೂತನಾ ತಿಕ್ಕೂದು ನಾನೇ ಸಣ್ಣಾವಿದ್ದಾಗ ನೋಡೀನಿ. ಅವು ರೋಗ ಅಲ್ಲರೀ. ಎಲ್ಲಾ ದನಕ್ಕೂ ಹುಟ್ಟಾ ಇರ್ತಾವ, ಮೇವು ಬಾಯಿಂದ ಜಾರಿ ಬೀಳದಂಗ ತಡೀತಾವ. ಮುಂದಿನ ಹಲ್ಲು ಒಂಚೂರು ಅಲ್ಲಾಡಿದರ "ಹಲ್ಲು ಸಡ್ಲ ಆಗ್ಯಾವ" ಅಂತ ಕೀಳಾಕ ಬರೂದೂ ತಪ್ಪು. ದನದ ಮುಂದಿನ ಹಲ್ಲು ಸ್ವಲ್ಪ ಅಲ್ಲಾಡೂದೇ ಸಹಜ.

ಈಗ ನನ್ನ ಕಥಿ

2014ರ ಯುಗಾದಿ ಹೊತ್ತಿಗೆ ನಮ್ಮ ಮನ್ಯಾಗ ಒಂದು ಖಿಲಾರಿ ಹೋರಿಕರ ಹುಟ್ತು. 2015, 2016 ಬರಗಾಲ ನಿಮಗ ನೆನಪೈತಿ. ಭಾವಿ ಬತ್ತಿ, ಇದ್ದ ಬೋರನ್ನ ಇನ್ನೂ ಆಳ ಇಳಿಸಿದೆ. ಅದೇ ನೀರು ಕರ ಕುಡದು ಬೆಳೀತು. ಅದಕ್ಕ ಜೋಡಿ ಅಂತ ಮುದ್ದೇಬಿಹಾಳ ತಾಲೂಕಿನ ಹೊಳಿದಂಡಿ ಊರಿಂದ ಅದೇ ವಯಸ್ಸಿನ ಇನ್ನೊಂದು ಹೋರಿ ತಂದೆ. ಆಗ ಅದು ಆರ್ಹಲ್ಲು ಇತ್ತು.

2020ರ ಸಂಕ್ರಮಣಕ್ಕ ಮಗಳ ಕಾಲೇಜಿನ ಫೀ ಸಲುವಾಗಿ ಜೋಡಿ ಮಾರಾಕ ಹ್ವಾದೆ. ಕೊಳ್ಳಾವ ಹೊಳಿದಂಡಿ ಎತ್ತಿನ ಬಾಯಿ ನೋಡಿ ತಲಿ ಆಡಿಸಿದ. ನಮ್ಮ ಮನ್ಯಾಗ ಹುಟ್ಟಿದ್ದರ ತುಟಿ ಜಗ್ಗಿ ನೋಡಿ ಕೈ ಬಿಟ್ಟ. "ಗೌಡ್ರ, ಇದು ಹತ್ತು ದಾಟೈತಿ. ಜೋಡಿ ಅಲ್ಲ ಇದು" ಅಂದ. ನನಗ ಸಿಟ್ಟು ನೆತ್ತಿಗೇರತು. ನನ್ನ ಕಣ್ಣ ಮುಂದ ಹುಟ್ಟಿದ ಕರ! ಬೆಲಿ ಇಳಸಾಕ ನಾಟಕ ಮಾಡ್ತಿ ಅಂತ ಮಂದಿ ಮುಂದ ಬೈದೆ. ಅವ ಒಂದು ಮಾತೂ ಆಡಲಿಲ್ಲ, ಟವೆಲ್ ಹೆಗಲಿಗೆ ಹಾಕ್ಕೊಂಡು ಹ್ವಾದ. ವ್ಯಾಪಾರ ಮುರೀತು. ಫೀ ಸಲುವಾಗಿ ಸಾಲಾ ಮಾಡಿದೆ.

ಮನಿಗೆ ಬಂದು ನಾನೇ ಎರಡೂ ಬಾಯಿ ಹಗಲಬೆಳಕಿನಾಗ ನೋಡಿದೆ. ಹೊಳಿದಂಡಿದ್ದು ಬೆಳ್ಳಗ ಸಾಲು ಹಚ್ಚಿ ನಿಂತಿದ್ದವು. ನಮ್ಮದರ ಹಲ್ಲು ಕಂದು ಪಟ್ಟಿ, ಅಲ್ಲಲ್ಲಿ ತೂತು ಬಿದ್ದಂಗ, ಅರ್ಧಾ ಸವದಿದ್ದವು. ಆಗ ನೆನಪಾತು: ಈ ಎತ್ತು ಚಳಿಗಾಲದಾಗ ತಣ್ಣನ ನೀರು ಒಮ್ಮೆಲೆ ಹೀರೂದಿಲ್ಲ, ನಾಯಿ ನೆಕ್ಕಿದಂಗ ನೆಕ್ಕತಿತ್ತು. ಕಣಕಿ ಗ್ವಾದಲಿಯಾಗೇ ಉಳಸತಿತ್ತು. ನಾನು ಹಟಮಾರಿ ಅಂತ ಬಾರಕೋಲಿಂದ ಹೊಡದೂ ಇದ್ದೆ. ಅದಕ್ಕ ಹಲ್ಲು ನೋಯತಿತ್ತು.

ಪಶು ಡಾಕ್ಟರು ಬಂದು ನೋಡಿ, ಮೊದಲು ಕೇಳಿದ್ದು ಹಲ್ಲಿನ ಬಗ್ಗೆ ಅಲ್ಲ. "ಕರ ಇದ್ದಾಗ ಯಾವ ನೀರು ಕುಡಿಸೀರಿ?" ಅಂತ ಕೇಳಿದರು. ಬೋರಿನ ನೀರು ಪರೀಕ್ಷಾ ಮಾಡಿಸಿದ್ವಿ. ಫ್ಲೋರೈಡ್ ಮಿತಿಗಿಂತ ಮ್ಯಾಲಿತ್ತು.

ಇದಕ್ಕೂ ಒಂದು ಇತಿಹಾಸ ಐತಿ. ಅಮೆರಿಕಾದ ಕೊಲರಾಡೊದಾಗ ಮೆಕೇ ಅನ್ನೂ ಹಲ್ಲಿನ ಡಾಕ್ಟರು 1901ರಾಗ ಮಂದಿ ಹಲ್ಲಿನ ಮ್ಯಾಲ ಕಂದು ಕಲೆ ನೋಡಿ ಕಾರಣ ಹುಡುಕಾಕ ಹತ್ತಿದರು. ನೀರಿನಾಗಿನ ಫ್ಲೋರೈಡ್ ಕಾರಣ ಅಂತ ಗೊತ್ತಾಗಾಕ 1931 ಬೇಕಾತು. ನಮ್ಮ ದೇಶದಾಗ ಅದು ಬೆಳಕಿಗೆ ಬಂದಿದ್ದು ಆಂಧ್ರದ ನೆಲ್ಲೂರು, ಪೊದಿಲಿ ಕಡೆ, 1930ರ ದಶಕದಾಗ. ಅಲ್ಲಿ ಮೊದಲು ಗುರ್ತು ಹಿಡದವರು ರೈತರು. ಎತ್ತು ಹೊಲದಾಗ ಹೆಜ್ಜಿ ಕಿತ್ತು ಇಡಲಾರದಂಗ ಆದದ್ದು ನೋಡಿ ಇದೇನೋ ಬ್ಯಾರೆ ಬ್ಯಾನಿ ಅಂದರು. ಮನಷ್ಯಾರ ರೋಗದ ಬಗ್ಗೆ ಡಾಕ್ಟರು ಬರದದ್ದು 1937ರಾಗ. ಎತ್ತಿನ ಮೈಯಾಗ ಮೊದಲು ಕಂಡದ್ದು ಆಮ್ಯಾಲ ಮನಷ್ಯಾರಾಗ ಕಂಡಿತು. ನಮ್ಮ ವಿಜಯಪುರ ಜಿಲ್ಲಾದ ಎಷ್ಟೋ ಬೋರಿನ ನೀರಿನಾಗೂ ಫ್ಲೋರೈಡ್ ಐತಿ.

ಫ್ಲೋರೈಡ್ ಹಲ್ಲು ಕೆಡಿಸೂದು ಹಲ್ಲು ದವಡಿ ಒಳಗ ತಯಾರ ಆಗೂ ಹೊತ್ತಿನಾಗ, ಅಂದ್ರ ಕರ ಆರು ತಿಂಗಳಿದ್ದಾಗಿಂದ ಮೂರು ವರ್ಷದ ಒಳಗ. ಹಲ್ಲು ಹೊರಗ ಬಂದ ಮ್ಯಾಲ ಅದಕ್ಕ ಏನೂ ಮಾಡೂದಿಲ್ಲ, ಮೂಳಿ ಮಾತು ಬ್ಯಾರೆ. ಅದಕ್ಕೇ ಹೊಳಿದಂಡಿ ಎತ್ತು ನಮ್ಮ ಬೋರಿನ ನೀರೇ ಕುಡದರೂ ಹಲ್ಲು ಚಲೋ ಇದ್ದವು. ಒಮ್ಮೆ ಕೆಟ್ಟ ಹಲ್ಲಿಗೆ ಯಾವ ಗ್ಯಾಗೂ ಯಾವ ಅರವೂ ಯಾವ ಔಷಧವೂ ಇಲ್ಲ. ತಡಿಯೂದೊಂದೇ ದಾರಿ.

ಹಂಗಾರ ಏನ್ ಮಾಡಬೇಕು?

ಒಂದು, ಬೋರಿನ ನೀರು ಪರೀಕ್ಷಾ ಮಾಡಿಸ್ರಿ. ಕುಡಿಯೂ ನೀರಿಗೆ ಲೀಟರಿಗೆ 1 ಮಿಲಿಗ್ರಾಂ, ಬ್ಯಾರೆ ನೀರೇ ಇಲ್ಲದಲ್ಲಿ 1.5 ತನಕ ಮಿತಿ. ದನಕ್ಕ 2 ದಾಟಬಾರದು.

ಎರಡು, ನೀರು ಕಡಿಮಿ ಇದ್ದರ ಚಲೋ ನೀರು ಮೊದಲು ಕರಕ್ಕ ಕೊಡ್ರಿ. ಕೃಷಿ ಹೊಂಡದ್ದು, ಕೆರೀದು, ಕಾಲುವೀದು, ಮಳಿದು. ನಾವು ಹಿಂಡೂ ಆಕಳಿಗೆ ಮೊದಲು ಕೊಟ್ಟು ಕರಕ್ಕ ಉಳದದ್ದು ಕುಡಸ್ತೀವಿ. ಇದು ಉಲ್ಟಾ ಆಗಬೇಕು.

ಮೂರು, ಇದನ್ನ ಎಲ್ಲರೂ ಓದ್ರಿ. ಊರಾಗಿನ ಶುದ್ಧ ನೀರಿನ ಘಟಕದಾಗ ನಾವು ಕೊಡ ತುಂಬಿಕೊಳ್ತೀವಿ. ಹೊರಗ ಬಿಡೂ ನೀರಿನಾಗ ತಗದ ಫ್ಲೋರೈಡ್ ಎಲ್ಲಾ ಕೂಡಿರತೈತಿ. ಎಷ್ಟೋ ಊರಾಗ ಅದನ್ನೇ ಪೈಪ್ ಹಚ್ಚಿ ದನದ ದ್ವಾಣಿಗೆ ಬಿಡ್ತಾರ. ದಯವಿಟ್ಟು ಬ್ಯಾಡ್ರಿ.

ನಾಕು, ಜೊಲ್ಲು ಸುರಿಸೂ, ಮೇವು ಬಿಟ್ಟ ದನದ ಬಾಯಾಗ ಬರೇ ಕೈ ಹಾಕಬ್ಯಾಡ್ರಿ. ಕಾಲುಬಾಯಿ ಬ್ಯಾನಿ ಇರಬಹುದು, ಹುಚ್ಚುನಾಯಿ ಕಡದದ್ದೂ ಇರಬಹುದು. ಡಾಕ್ಟರನ್ನ ಕರೀರಿ.

ಆ ಎತ್ತನ್ನ ನಾನು ಮಾರಲಿಲ್ಲ. ಕಣಕಿ ಕತ್ತರಿಸಿ, ನೆನಸಿದ ಹಿಂಡಿ ಕೂಡಿಸಿ ಹಾಕ್ತೀನಿ, ಚಳಿಗಾಲದಾಗ ನೀರಿಗೆ ಒಂದು ಚರಿಗಿ ಬಿಸಿನೀರು ಬೆರಸ್ತೀನಿ. ಈಗ ಹೀರಿ ಕುಡೀತೈತಿ. ಹೊಸಾ ಕರ ಹೊಂಡದ ನೀರು ಕುಡದು ಬೆಳದೈತಿ. ಹೋದ ತಿಂಗಳು ಎರಡ್ಹಲ್ಲು ಆತು. ತುಟಿ ಜಗ್ಗಿ ನೋಡಿದೆ, ಎರಡೂ ಬೆಳ್ಳಗ ಅದಾವ.

ಆ ಜಾತ್ರಿಗೆ ಆಮ್ಯಾಲ ಎರಡು ಸಲ ಹ್ವಾದೆ, ಆ ಮನಷ್ಯಾ ಸಿಗಲಿಲ್ಲ. ಅವ ಕಂಡದ್ದು ಖರೇ ಹೇಳಿದ್ದ. ಎತ್ತಿಗೆ ಆರು ವರ್ಷ ಅನ್ನೂದೂ ಖರೇ. ನಡುವ ಇದ್ದದ್ದು ನನ್ನ ಬೋರಿನ ನೀರು. ಇದನ್ನ ಓದೂ ಯಾರಿಗಾದರೂ ಇಂಥಾದೊಂದು ಜಗಳದ ನೆನಪಿದ್ದರ, ಅದು ನಾನೇ ಇರಬಹುದು. ತಪ್ಪಾತ್ರಿ.

ನಿಮ್ಮ ದೊಡ್ಡಿಗೆ ಹೋಗಿ ಇವತ್ತ ಒಂದು ಸಲ ಎಲ್ಲಾ ದನದ ತುಟಿ ಜಗ್ಗಿ ನೋಡ್ರಿ. ಕಂದು ಪಟ್ಟಿ ಕಂಡರ ಯಾವ ಊರು, ಎಷ್ಟು ಅಡಿ ಬೋರು ಅಂತ ಕೆಳಗ ಬರೀರಿ. ನಾಕೂ ತಾಲೂಕಿಂದು ಕೂಡಿಸಿ ನೋಡೋಣು.