ಹಲಗಲಿ ಮತ್ತು ಬಂದೂಕಿನ ಒಳಗೀರು

ಹಲಗಲಿ ಬೇಡರ ಲಾವಣಿ ನಮ್ಮ ಬಾಗಲಕೋಟೆ ಕಡೆ ಶಾಲೆಗೆ ಹೋದವರಿಗೆಲ್ಲ ಗೊತ್ತು. ಫ್ಲೀಟ್ ಸಾಹೇಬ ಸಂಗ್ರಹಿಸಿದ ಹಾಡು ಅದು. ಜಡಗ, ಬಾಲ, ಹನುಮ, ರಾಮ ನಾಲ್ವರೂ ಹತಾರ ಕೊಡುವುದಿಲ್ಲ ಎಂದು ನಿಂತವರು. ಆದರೆ ಕಂಪನಿ ಸರ್ಕಾರಕ್ಕೆ ಮುಧೋಳ ಸೀಮೆಯ ಬೇಟೆಗಾರರ ಬಂದೂಕು ಏಕೆ ಬೇಕಾಯಿತು? ಹರೆಯವೆಲ್ಲ ಫೌಜಿನಲ್ಲಿ ರೈಫಲ್ ಬಿಚ್ಚಿ ಜೋಡಿಸುತ್ತ ಕಳೆದು, ಈಗ ಇಳಕಲ್ಲಿನಲ್ಲಿ ಪಿಂಚಣಿ ಉಣ್ಣುವ ನಾನು ಉತ್ತರವನ್ನು ನಳಿಗೆಯ ಒಳಗೇ ಹುಡುಕುತ್ತೇನೆ.

ಆ ಕಾಲದ ಹಳ್ಳಿ ಬಂದೂಕಿನ ನಳಿಗೆ ಒಳಗೆ ನುಣುಪು. ಸಲೀಸಾಗಿ ಇಳಿಯಲೆಂದು ಗುಂಡನ್ನು ತುಸು ಸಣ್ಣದಾಗಿಯೇ ಎರಕ ಹೊಯ್ಯುತ್ತಿದ್ದರು. ಅದು ಅತ್ತಿತ್ತ ಬಡಿದುಕೊಳ್ಳುತ್ತಲೇ ಹೊರಬೀಳುವುದು. ನೂರು ಗಜ ದಾಟಿದರೆ ಗುರಿ ದೇವರ ಪಾಲು. ಕಂಪನಿ ತನ್ನ ಸಿಪಾಯಿಗಳಿಗೆಂದು ತರಿಸಿದ 1853ರ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯಲ್ಲಿ ಮೂರು ಸುರುಳಿ ಗೀರುಗಳಿದ್ದವು, 78 ಅಂಗುಲಕ್ಕೆ ಒಂದು ಸುತ್ತು. ನಳಿಗೆಯ ಉದ್ದವೇ 39 ಅಂಗುಲ; ಗುಂಡು ಹೊರಬರುವಷ್ಟರಲ್ಲಿ ತಿರುಗುತ್ತಿದ್ದುದು ಅರ್ಧ ಸುತ್ತು. ಗಿಡ್ಡ, ದಪ್ಪ ಸೀಸದ ಗುಂಡು ನೇರ ಹಾರಲು ಅಷ್ಟು ಸಾಕು. ಗುಂಡು ನೀಳವಾದಷ್ಟೂ ಸುತ್ತು ಬಿಗಿಯಾಗಬೇಕು, ಇಲ್ಲವಾದರೆ ಗಾಳಿಯಲ್ಲಿ ತೂರಾಡುತ್ತದೆ. ನಾವು ಹೊತ್ತ 7.62ರ ಎಸ್‌ಎಲ್‌ಆರ್‌ನಲ್ಲಿ 12 ಅಂಗುಲಕ್ಕೇ ಒಂದು ಸುತ್ತು. ಇಂದು ಸಾವಿರ ಗಜದ ಸ್ಪರ್ಧೆಗೆ ಗುಂಡು ಆರಿಸುವವರದೂ ಇದೇ ಲೆಕ್ಕ. ಗ್ರೀನ್‌ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞ 1879ರಲ್ಲಿ ಅದನ್ನು ಸೂತ್ರಕ್ಕಿಳಿಸಿದ.

ಗೀರು ಬಂದಮೇಲೆ ಜಿಡ್ಡೂ ಬಂತು. ಕರಿಮದ್ದಿನ ಮಸಿ ಗೀರಿನಲ್ಲಿ ಕಟ್ಟಿಕೊಂಡರೆ ಮುಂದಿನ ಗುಂಡು ಇಳಿಯುವುದಿಲ್ಲ. ಹಾಗಾಗಿ ಗುಂಡಿಗೆ ಸುತ್ತಿದ ಕಾಗದಕ್ಕೆ ಕೊಬ್ಬು ಸವರುತ್ತಿದ್ದರು. ಮದ್ದು, ಗುಂಡು ಎರಡನ್ನೂ ಸುತ್ತಿದ ಆ ಕಾಗದದ ಪೊಟ್ಟಣವೇ ಕಾಡತೂಸು. ಸಿಪಾಯಿ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಮದ್ದು ಸುರಿದು, ಕಾಡತೂಸು ತಿರುವಿ, ಗುಂಡನ್ನು ಕಾಗದದ ಸಮೇತ ನಳಿಗೆಗಿಟ್ಟು ಸಲಾಕೆಯಿಂದ ತಳ್ಳಬೇಕು. ಆ ಕೊಬ್ಬು ದನದ್ದೋ ಹಂದಿಯದೋ ಎಂಬ ಮಾತು ಛಾವಣಿಯಿಂದ ಛಾವಣಿಗೆ ಹಬ್ಬಿತು. ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು. ಕಿಡಿ ತಗುಲಿದ್ದು ಇಲ್ಲಿ. 1857ರ ಮೇ 10ರಂದು ಮೀರತ್ ಹೊತ್ತಿಕೊಂಡಿತು.

ಬೆದರಿದ ಸರ್ಕಾರ ಅದೇ ವರ್ಷ ಹತಾರಗಳ ಮೇಲೆ ಕಾಯ್ದೆ ತಂದಿತು. ಕಾಡತೂಸನ್ನು ಕಂಡೂ ಅರಿಯದ ಹಲಗಲಿಗೆ ಹತಾರ ಒಪ್ಪಿಸಿರೆಂಬ ಹುಕುಂ ಬಂತು. ಬೇಡರಿಗೆ ಬಂದೂಕು ಹೊಟ್ಟೆಪಾಡು, ಮರ್ಯಾದೆ ಎರಡೂ. ಅವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಗೀರಿನ ರೈಫಲ್ಲಿನ ಕಾಡತೂಸು ಬೇಡವೆಂದವರು ದಂಗೆ ಎದ್ದರು. ಕಿತ್ತುಕೊಂಡಿದ್ದು ನುಣುಪು ನಳಿಗೆಯ ಬಡವರ ಬಂದೂಕನ್ನು.

ಬಂದೂಕು ಹಿಡಿದ ಪ್ರಜೆಯ ಮೇಲಿನ ಈ ಅನುಮಾನ ಕಂಪನಿಯ ಜೊತೆಗೆ ಹೋಗಲಿಲ್ಲ. 1878ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು, ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಬರೆದುಕೊಂಡಿತು. ಈಗಲೂ ಇಲೆಕ್ಷನ್ ಬಂದರೆ ಹುನಗುಂದ, ಬಾದಾಮಿ ಕಡೆಯ ರೈತರು ಬೆಳೆ ಕಾಯುವ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಯ್ದು ಕೊಟ್ಟು ರಸೀದಿ ಪಡೆಯುತ್ತಾರೆ. ನಮಗೆ ರಸೀದಿಯೂ ಸಿಗುತ್ತದೆ, ಬಂದೂಕೂ ತಿರುಗಿ ಬರುತ್ತದೆ. ಜಡಗ, ಬಾಲರಿಗೆ ಇವೆರಡರಲ್ಲಿ ಒಂದರ ಭರವಸೆಯನ್ನಾದರೂ ಕೊಟ್ಟಿದ್ದರೆ ಊರು ಉಳಿಯುತ್ತಿತ್ತೇನೋ ಎಂದು ನನಗನಿಸುತ್ತದೆ.